ಬೇಲಿ ಮುರಿದಾಗ ನುಗ್ಗುವ ಫಂಗಸ್: ರೋಗನಿರೋಧಕ ಶಕ್ತಿ ಕುಗ್ಗಿದವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಮಾರ್ಗದರ್ಶಿ

ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಾಣು 2-3 ಮೈಕ್ರಾನ್ ಗಾತ್ರದ್ದು. ಮೂಗಿನ ಕೂದಲಿಗೂ ಗಂಟಲಿನ ಲೋಳೆಗೂ ಸಿಗದೆ ನೇರವಾಗಿ ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಇಳಿಯುವಷ್ಟು ಸಣ್ಣದು. ದಿನಕ್ಕೆ ನೂರಾರು ಬೀಜಾಣುಗಳು ಹೀಗೆ ಎಲ್ಲರ ಒಳಗೂ ಹೋಗುತ್ತವೆ. ಅಲ್ಲಿ ಕಾವಲಿರುವ ಕಣಗಳು ಅವನ್ನು ನುಂಗಿ ಮುಗಿಸುತ್ತವೆ. ನಮಗೆ ಗೊತ್ತೇ ಆಗುವುದಿಲ್ಲ. ಕಾವಲು ಇಲ್ಲದಿದ್ದರೆ ಅದೇ ಬೀಜಾಣು ಮೊಳೆತು, ಎಳೆಯಾಗಿ, ರಕ್ತನಾಳದ ಗೋಡೆ ಕೊರೆಯಲು ಕೆಲವೇ ದಿನ ಸಾಕು.

ಈ ಸೋಂಕುಗಳಲ್ಲಿ ಜೀವ ಹೋಗುವುದು ಬಹುಪಾಲು ಔಷಧ ಇಲ್ಲದೆ ಅಲ್ಲ, ತಡವಾಗಿ. ಆಂಟಿಬಯೋಟಿಕ್ ಬದಲಿಸುತ್ತಾ ಒಂದು ವಾರ, ಎಕ್ಸ್-ರೇ ಚೆನ್ನಾಗಿದೆ ಎಂದು ಇನ್ನೆರಡು ದಿನ. ಆದ್ದರಿಂದ ಇಲ್ಲಿನ ಹಂತಗಳೆಲ್ಲ ಆ ದಿನಗಳನ್ನು ಉಳಿಸುವುದಕ್ಕಾಗಿ. ಔಷಧದ ಪ್ರಮಾಣಗಳನ್ನು ಕೊಟ್ಟಿರುವುದು ಚೀಟಿಯನ್ನು ಓದಿ ಅರ್ಥಮಾಡಿಕೊಳ್ಳಲು, ಅನುಮಾನ ಬಂದರೆ ಕೇಳಲು. ಮನೆಯಲ್ಲೇ ಶುರುಮಾಡುವ ಔಷಧ ಇವುಗಳಲ್ಲಿ ಒಂದೂ ಇಲ್ಲ.

ಹಂತ 1: ಯಾವ ಬೇಲಿ ಮುರಿದಿದೆ ಎಂದು ಬರೆದಿಟ್ಟುಕೊಳ್ಳಿ

"ಇಮ್ಯೂನಿಟಿ ಕಡಿಮೆ" ಎಂಬ ಒಂದು ಮಾತಿನಿಂದ ವೈದ್ಯರಿಗೂ ಹೆಚ್ಚೇನೂ ತಿಳಿಯುವುದಿಲ್ಲ. ದೇಹದ ರಕ್ಷಣೆಯಲ್ಲಿ ಹಲವು ಬೇಲಿಗಳಿವೆ. ಯಾವ ಬೇಲಿ ಮುರಿದಿದೆಯೋ ಅದಕ್ಕೆ ತಕ್ಕ ಫಂಗಸ್ ಬರುತ್ತದೆ. ಇದು ಗೊತ್ತಿದ್ದರೆ ಅರ್ಧ ರೋಗಪತ್ತೆ ಮುಗಿದಂತೆ.

ಮೊದಲನೆಯದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ. ಕಿಮೊಥೆರಪಿ, ಲ್ಯೂಕೇಮಿಯಾ, ಅಸ್ಥಿಮಜ್ಜೆ ಕಸಿ, ಅಪ್ಲಾಸ್ಟಿಕ್ ಅನೀಮಿಯಾ ಇದ್ದಾಗ ಇದು ಕುಸಿಯುತ್ತದೆ. ಲೆಕ್ಕ ಸುಲಭ: ಒಟ್ಟು ಬಿಳಿ ರಕ್ತಕಣವನ್ನು ನ್ಯೂಟ್ರೋಫಿಲ್‌ನ ಶೇಕಡಾವಾರಿನಿಂದ ಗುಣಿಸಿ 100ರಿಂದ ಭಾಗಿಸಿ. ಒಟ್ಟು 1,200 ಇದ್ದು ನ್ಯೂಟ್ರೋಫಿಲ್ ಶೇ. 30 ಇದ್ದರೆ 360. ವರದಿಯಲ್ಲಿ 1.2 ಎಂದಷ್ಟೇ ಮುದ್ರಿಸಿದ್ದರೆ ಅದು ಸಾವಿರದ ಲೆಕ್ಕ, 1,200 ಎಂದೇ ಓದಬೇಕು. 500ಕ್ಕಿಂತ ಕೆಳಗಿಳಿದರೆ ಅಪಾಯ. 100ಕ್ಕಿಂತ ಕೆಳಗೆ ಹೋದರೆ ತೀವ್ರ ಅಪಾಯ. ಸಂಖ್ಯೆಯಷ್ಟೇ ಮುಖ್ಯವಾದದ್ದು ದಿನಗಳ ಎಣಿಕೆ. ಮೂರು ನಾಲ್ಕು ದಿನ 500ರ ಕೆಳಗಿದ್ದು ಮೇಲೇರಿದವರಿಗೆ ಬೂಷ್ಟಿನ ಸೋಂಕು ಅಪರೂಪ. ಹತ್ತು ದಿನ ದಾಟಿದರೆ ಆಸ್ಪರ್ಜಿಲಸ್, ಮ್ಯೂಕರ್, ಫ್ಯುಸೇರಿಯಂ ಈ ಮೂರೂ ಬೂಷ್ಟುಗಳನ್ನು ನೆನಪಿಡಬೇಕು. ಹಾಗಾಗಿ 500ರ ಕೆಳಗೆ ಇಳಿದ ದಿನಾಂಕವನ್ನು ಬರೆದಿಡಿ.

ಎರಡನೆಯದು ಟಿ ಕಣಗಳು ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣ. ಎಚ್‌ಐವಿಯಲ್ಲಿ ಸಿಡಿ4 ಎಂಬ ಟಿ ಕಣಗಳ ಎಣಿಕೆ 200ಕ್ಕಿಂತ ಕೆಳಗಿಳಿದರೆ ನ್ಯುಮೊಸಿಸ್ಟಿಸ್ ನ್ಯುಮೋನಿಯಾ, 100ಕ್ಕಿಂತ ಕೆಳಗಿಳಿದರೆ ಕ್ರಿಪ್ಟೊಕಾಕಸ್ ಮೆದುಳುಪೊರೆ ಉರಿಯೂತ. ಅಂಗಾಂಗ ಕಸಿ ಮಾಡಿಸಿಕೊಂಡವರಲ್ಲಿ ಇದೇ ಬೇಲಿಯನ್ನು ಟ್ಯಾಕ್ರೊಲಿಮಸ್, ಸೈಕ್ಲೋಸ್ಪೊರಿನ್‌ನಂಥ ಮಾತ್ರೆಗಳು ಬೇಕೆಂದೇ ತಗ್ಗಿಸಿರುತ್ತವೆ.

ಸ್ಟೀರಾಯ್ಡ್ ಎರಡೂ ಬೇಲಿಗಳನ್ನು ಸಡಿಲಿಸುತ್ತದೆ; ಜನ ಲೆಕ್ಕ ತಪ್ಪುವುದೂ ಇಲ್ಲೇ. ಪ್ರೆಡ್ನಿಸೊಲೋನ್ ದಿನಕ್ಕೆ 20 ಮಿ.ಗ್ರಾಂ. ಅಥವಾ ಹೆಚ್ಚು, ನಾಲ್ಕು ವಾರ ಅಥವಾ ಹೆಚ್ಚು: ಇದು ಎಚ್ಚರಿಕೆಯ ಗಡಿ. ಆದರೆ ಚೀಟಿಯಲ್ಲಿ ಡೆಕ್ಸಾಮೆಥಸೋನ್ 4 ಮಿ.ಗ್ರಾಂ. ಎಂದಿದ್ದರೆ "ನಾಲ್ಕೇ ತಾನೆ" ಎನಿಸುತ್ತದೆ. ಪ್ರೆಡ್ನಿಸೊಲೋನ್ 5 ಮಿ.ಗ್ರಾಂ.ಗೆ ಸಮ ಡೆಕ್ಸಾಮೆಥಸೋನ್ 0.75, ಮೀಥೈಲ್ ಪ್ರೆಡ್ನಿಸೊಲೋನ್ 4, ಹೈಡ್ರೊಕಾರ್ಟಿಸೋನ್ 20 ಮಿ.ಗ್ರಾಂ. ಅಂದರೆ ಆ ನಾಲ್ಕು ಮಿ.ಗ್ರಾಂ. ಡೆಕ್ಸಾ ಸುಮಾರು 27 ಮಿ.ಗ್ರಾಂ. ಪ್ರೆಡ್ನಿಸೊಲೋನ್‌ಗೆ ಸಮ. ಜೊತೆಗೆ ಸ್ಟೀರಾಯ್ಡ್ ಜ್ವರವನ್ನೂ ಅಡಗಿಸುತ್ತದೆ. ಜ್ವರವಿಲ್ಲ ಎಂಬ ಸಮಾಧಾನ ಸ್ಟೀರಾಯ್ಡ್ ನುಂಗುವವರಿಗೆ ಸಲ್ಲದು.

ಮೂರನೆಯದು ಚರ್ಮ ಮತ್ತು ಕರುಳಿನ ಗೋಡೆ. ಕುತ್ತಿಗೆ ಅಥವಾ ಎದೆಯ ದೊಡ್ಡ ರಕ್ತನಾಳಕ್ಕೆ ಹಾಕಿದ ಕ್ಯಾತಿಟರ್ (ಔಷಧ ಏರಿಸುವ ಕೊಳವೆ), ಹೊಟ್ಟೆಯ ಶಸ್ತ್ರಚಿಕಿತ್ಸೆ, ರಕ್ತನಾಳದ ಮೂಲಕ ಕೊಡುವ ಪೋಷಣೆ, ವಾರಗಟ್ಟಲೆ ಆಂಟಿಬಯೋಟಿಕ್. ಇಲ್ಲಿ ಬರುವುದು ಕ್ಯಾಂಡಿಡಾ. ಅದು ಗಾಳಿಯಿಂದ ಬರಬೇಕಾಗಿಲ್ಲ, ನಮ್ಮ ಕರುಳಲ್ಲೇ ಇರುತ್ತದೆ.

ಕೊನೆಯದು ಸಕ್ಕರೆ ಮತ್ತು ಆಮ್ಲ. ಮಧುಮೇಹ ಹತೋಟಿ ತಪ್ಪಿ ರಕ್ತ ಆಮ್ಲೀಯವಾದಾಗ, ಪ್ರೋಟೀನಿಗೆ ಅಂಟಿಕೊಂಡಿದ್ದ ಕಬ್ಬಿಣಾಂಶ ಬಿಡುಗಡೆಯಾಗುತ್ತದೆ. ಮ್ಯೂಕರ್ ಜಾತಿಯ ಫಂಗಸ್ ಕಬ್ಬಿಣಕ್ಕಾಗಿ ಹಸಿದಿರುವಂಥದ್ದು. ದೇಹದ ಹೆಚ್ಚುವರಿ ಕಬ್ಬಿಣ ತೆಗೆಯಲು ಕೊಡುವ ಡೆಫೆರಾಕ್ಸಮಿನ್ ಎಂಬ ಔಷಧವನ್ನೇ ಅದು ಕಬ್ಬಿಣ ಹೀರುವ ಕೊಳವೆಯಂತೆ ಬಳಸಿಕೊಳ್ಳಬಲ್ಲದು.

ಒಂದು ಹಾಳೆಯಲ್ಲಿ ಇವಿಷ್ಟು ಇರಲಿ: ಮೂಲ ಕಾಯಿಲೆ, ಕೊನೆಯ ಕಿಮೊ ದಿನಾಂಕ, ಕೊನೆಯ ನ್ಯೂಟ್ರೋಫಿಲ್ ಅಥವಾ ಸಿಡಿ4 ಎಣಿಕೆ, ಸ್ಟೀರಾಯ್ಡ್‌ನ ಹೆಸರು-ಪ್ರಮಾಣ-ಎಷ್ಟು ವಾರ, ಕ್ಯಾತಿಟರ್ ಹಾಕಿದ ದಿನ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು. ತುರ್ತು ವಿಭಾಗದಲ್ಲಿ ರಾತ್ರಿ ಎರಡು ಗಂಟೆಗೆ ಸಿಗುವ ವೈದ್ಯರಿಗೆ ಈ ಹಾಳೆ ದಪ್ಪ ಫೈಲಿಗಿಂತ ಉಪಯುಕ್ತ.

ಹಂತ 2: ತಡೆಯುವ ಮಾತ್ರೆ ಬೇಕೇ ಎಂದು ಕೇಳಿ

ನ್ಯುಮೊಸಿಸ್ಟಿಸ್‌ನ ಮಟ್ಟಿಗೆ ಉತ್ತರ ಸ್ಪಷ್ಟ. ಸಿಡಿ4 200ರ ಕೆಳಗಿರುವವರು, ಅಂಗಾಂಗ ಕಸಿಯಾದವರು, ಬೇರೊಬ್ಬರ ಅಸ್ಥಿಮಜ್ಜೆ ಪಡೆದವರು, ಸ್ಟೀರಾಯ್ಡ್‌ನ ವಿಷಯದಲ್ಲಿ ಹಂತ 1ರಲ್ಲಿ ಹೇಳಿದ ಗಡಿ ದಾಟಿದ್ದು ಜೊತೆಗೆ ಇನ್ನೊಂದು ಕಾರಣವೂ ಇರುವವರು ಕೋ-ಟ್ರೈಮೊಕ್ಸಜೋಲ್ ಮಾತ್ರೆ ತೆಗೆದುಕೊಳ್ಳುತ್ತಾರೆ. 800/160 ಮಿ.ಗ್ರಾಂ. ಮಾತ್ರೆ ವಾರಕ್ಕೆ ಮೂರು ಸಲ ಅಥವಾ ದಿನಕ್ಕೊಂದು, ಇಲ್ಲವೇ 400/80ರದ್ದು ದಿನಕ್ಕೊಂದು. ಅಗ್ಗದ, ಹಳೆಯ, ಬಹಳ ಚೆನ್ನಾಗಿ ಕೆಲಸ ಮಾಡುವ ಮಾತ್ರೆ. ಆದರೂ ಬರೆಯಲು ಮರೆತುಹೋಗುವ ಮಾತ್ರೆಯೂ ಇದೇ, ಮುಖ್ಯವಾಗಿ ಸಂಧಿವಾತ, ಮೂತ್ರಪಿಂಡ ಅಥವಾ ಮೆದುಳಿನ ಗೆಡ್ಡೆಗೆ ದೀರ್ಘಕಾಲ ಸ್ಟೀರಾಯ್ಡ್ ಪಡೆಯುವವರಲ್ಲಿ. ಮೈಮೇಲೆ ದದ್ದು, ಪೊಟ್ಯಾಸಿಯಂ ಏರಿಕೆ, ಬಿಳಿ ರಕ್ತಕಣ ಇಳಿಕೆ ಇದರ ತೊಂದರೆಗಳು. ಸಲ್ಫಾ ಅಲರ್ಜಿ ಇದ್ದರೆ ಡ್ಯಾಪ್ಸೋನ್, ಅಟೊವಾಕ್ವೋನ್ ಇವೆ. ಡ್ಯಾಪ್ಸೋನ್ ಶುರುಮಾಡುವ ಮುನ್ನ ಜಿ6ಪಿಡಿ ಪರೀಕ್ಷೆ ಆಗಿರಲೇಬೇಕು, ಆ ಕಿಣ್ವದ ಕೊರತೆ ಇದ್ದವರಲ್ಲಿ ಕೆಂಪು ರಕ್ತಕಣ ಒಡೆಯುತ್ತದೆ.

ಸಿಡಿ4 100ರ ಕೆಳಗಿದ್ದರೆ, ಲಕ್ಷಣ ಇರಲಿ ಬಿಡಲಿ, ರಕ್ತದಲ್ಲಿ ಕ್ರಿಪ್ಟೊಕಾಕಸ್ ಆ್ಯಂಟಿಜೆನ್ ಪರೀಕ್ಷೆ, ಅಂದರೆ ಆ ಫಂಗಸ್‌ನ ಅಂಶ ಹುಡುಕುವ ಪರೀಕ್ಷೆ, ಮಾಡಿಸಬೇಕು. 200ರ ತನಕವೂ ಮಾಡಿಸಬಹುದು. ತಲೆನೋವು ಶುರುವಾಗುವುದಕ್ಕೆ ವಾರಗಳ ಮೊದಲೇ ಇದು ಪಾಸಿಟಿವ್ ಬರುತ್ತದೆ. ಒಂದು ಹನಿ ರಕ್ತ, ಒಂದು ಪಟ್ಟಿ, ಹತ್ತು ನಿಮಿಷ.

ತೀವ್ರ ಲ್ಯೂಕೇಮಿಯಾದ ಕಿಮೊ ಪಡೆಯುವವರಿಗೂ ಕಸಿಯ ನಂತರ ದೇಹದ ಮೇಲೆ ಕಸಿಕಣಗಳ ದಾಳಿ ನಡೆಯುತ್ತಿರುವವರಿಗೂ ಪೊಸಕೊನಜೋಲ್ ಎಂಬ ಫಂಗಸ್ ತಡೆಯುವ ಔಷಧ ಕೊಡುತ್ತಾರೆ. ಫ್ಲುಕೊನಜೋಲ್ ನುಂಗುತ್ತಿದ್ದೇವೆ, ಫಂಗಸ್‌ನಿಂದ ರಕ್ಷಣೆ ಇದೆ ಎಂದುಕೊಳ್ಳುವವರು ಒಂದು ವಿಷಯ ತಿಳಿದಿರಬೇಕು: ಅದು ಕ್ಯಾಂಡಿಡಾವನ್ನು ತಡೆಯುತ್ತದೆ, ಆಸ್ಪರ್ಜಿಲಸ್ ಮೇಲೆ ಅದರ ಆಟ ನಡೆಯುವುದಿಲ್ಲ.

ಹಂತ 3: ಗಾಳಿ, ಧೂಳು, ತೇವ

ಬೀಜಾಣುವಿಲ್ಲದ ಮನೆ ಎಂಬುದಿಲ್ಲ. ಒಮ್ಮೆಲೇ ಲಕ್ಷಗಟ್ಟಲೆ ಬೀಜಾಣು ಏಳುವ ಸಂದರ್ಭಗಳಿಂದ ದೂರವಿದ್ದರೆ ಸಾಕು. ಕಟ್ಟಡ ಒಡೆಯುವುದು, ಗೋಡೆ ಕೆರೆಯುವುದು, ಗೊಬ್ಬರದ ಗುಂಡಿ ಕೆದಕುವುದು, ಒಣಹುಲ್ಲು ಕೊಡವುವುದು, ಕೊಳೆತ ಎಲೆ ಗುಡಿಸುವುದು, ಪಾರಿವಾಳದ ಅಥವಾ ಬಾವಲಿಯ ಹಿಕ್ಕೆ ತೆಗೆಯುವುದು. ಎಣಿಕೆ ಕುಸಿದಿರುವ ವಾರಗಳಲ್ಲಿ ಈ ಕೆಲಸಗಳನ್ನು ರೋಗಿ ಮಾಡಬಾರದು, ನಡೆಯುವ ಜಾಗದಲ್ಲಿ ಇರಲೂಬಾರದು. ದಾಟಿ ಹೋಗಲೇಬೇಕಿದ್ದರೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್. ಬಟ್ಟೆಯದ್ದೂ ಶಸ್ತ್ರಚಿಕಿತ್ಸೆಯ ಮಾಸ್ಕೂ ಬದಿಯಿಂದ ಗಾಳಿ ಬಿಡುತ್ತವೆ. ಮಾಸ್ಕ್ ಹಾಕಿದ್ದೇನೆಂಬ ಧೈರ್ಯದಲ್ಲಿ ಗಂಟೆಗಟ್ಟಲೆ ಧೂಳಲ್ಲಿ ನಿಲ್ಲುವುದೂ ತಪ್ಪೇ.

ನೀರು ಸೋರಿದ ಚಾವಣಿ, ಒದ್ದೆಯಾದ ಹಾಸು, ಮರದ ಹಲಗೆ 24ರಿಂದ 48 ಗಂಟೆಯೊಳಗೆ ಪೂರ್ತಿ ಒಣಗದಿದ್ದರೆ ಬೂಷ್ಟು ಹಿಡಿಯಿತೆಂದೇ ಲೆಕ್ಕ. ಗಟ್ಟಿ ಮೇಲ್ಮೈಯಾದರೆ ಸೋಪು ನೀರಿನಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಬಹುದು. ಹಾಸಿಗೆ, ಹಾಸುಗಂಬಳಿಗಳನ್ನು ಎಸೆಯುವುದೇ ಸರಿ. ಒಣ ಬ್ರಷ್‌ನಲ್ಲಿ ಉಜ್ಜಿದರೆ ಬೂಷ್ಟು ಹೋಗುವುದಿಲ್ಲ, ಇಡೀ ಕೋಣೆಗೆ ಹರಡುತ್ತದೆ. ಶುಚಿ ಮಾಡುವ ಹೊತ್ತಿನಲ್ಲೂ ಆಮೇಲೆ ಕೆಲವು ಗಂಟೆಯೂ ರೋಗಿ ಬೇರೆಡೆ ಇರಲಿ. ಮಲಗುವ ಕೋಣೆಯಲ್ಲಿ ಮಣ್ಣಿನ ಕುಂಡ ಬೇಡ, ಹೂದಾನಿಯ ನಿಂತ ನೀರೂ ಬೇಡ.

ಆಸ್ಪತ್ರೆಯ ಅಸ್ಥಿಮಜ್ಜೆ ಕಸಿ ವಾರ್ಡಿನಲ್ಲಿ ಬೀಜಾಣುವನ್ನೂ ಸೋಸುವ ಹೆಪಾ ಫಿಲ್ಟರ್ ಇರುತ್ತದೆ, ಕೋಣೆಯ ಒತ್ತಡ ಹೊರಗಿಗಿಂತ ಹೆಚ್ಚಿರುತ್ತದೆ, ಗಾಳಿ ಗಂಟೆಗೆ ಕನಿಷ್ಠ 12 ಸಲ ಬದಲಾಗುತ್ತದೆ. ನೋಡಲು ಬಂದವರು ಬಾಗಿಲು ತೆರೆದಿಟ್ಟು ಮಾತಾಡುತ್ತಾ ನಿಂತರೆ ಈ ಏರ್ಪಾಡು ಅಷ್ಟರಮಟ್ಟಿಗೆ ವ್ಯರ್ಥ. ಮನೆಯಲ್ಲಿ ದುಬಾರಿ ಗಾಳಿಶೋಧಕ ಯಂತ್ರಕ್ಕಿಂತ ಸೋರುವ ಕೊಳಾಯಿ ಸರಿಪಡಿಸುವುದು ಹೆಚ್ಚು ಫಲ ಕೊಡುತ್ತದೆ.

ಹಂತ 4: ದಿನಕ್ಕೆ ಐದು ನಿಮಿಷದ ತಪಾಸಣೆ

ಜ್ವರ. ಒಂದು ಸಲ 38.3 ಡಿಗ್ರಿ ಸೆಲ್ಸಿಯಸ್ (101 ಫ್ಯಾರನ್‌ಹೀಟ್) ಅಥವಾ ಒಂದು ಗಂಟೆ 38 ಡಿಗ್ರಿ (100.4) ನಿಂತರೆ, ನ್ಯೂಟ್ರೋಫಿಲ್ ಕುಸಿದವರಿಗೆ ಅದು ತುರ್ತು ಸ್ಥಿತಿ. ಬೆಳಗಾಗಲಿ ಎಂದು ಕಾಯಬಾರದು. ತಾಪ ಅಳೆಯುವ ಮುನ್ನ ಪ್ಯಾರಾಸಿಟಮಾಲ್ ನುಂಗಬಾರದು, ಗುದದ್ವಾರದಲ್ಲಿ ಥರ್ಮಾಮೀಟರ್ ಇಡಬಾರದು. ಅಲ್ಲಿನ ಸಣ್ಣ ಗೀರು ಕೂಡ ಕರುಳಿನ ರೋಗಾಣುಗಳಿಗೆ ಬಾಗಿಲಾಗುತ್ತದೆ.

ಉಸಿರು. ಬೆರಳಿನ ಆಕ್ಸಿಮೀಟರ್‌ನಲ್ಲಿ ಕುಳಿತಾಗಿನ ಅಂಕ ನೋಡಿ, ಆರು ನಿಮಿಷ ನಡೆದು ಮತ್ತೆ ನೋಡಿ. ಮೂರ್ನಾಲ್ಕು ಅಂಕ ಇಳಿದರೆ ಅಂದೇ ವೈದ್ಯರನ್ನು ಕಾಣಬೇಕು. ಕುಳಿತಾಗಲೇ ಉಸಿರು ಕಟ್ಟುತ್ತಿದ್ದರೆ ನಡೆಸಿ ನೋಡುವ ಅಗತ್ಯವೇ ಇಲ್ಲ, ನೇರ ತುರ್ತು ವಿಭಾಗಕ್ಕೆ. ನ್ಯುಮೊಸಿಸ್ಟಿಸ್‌ನ ವೈಖರಿ ಇದೇ: ಒಣಕೆಮ್ಮು, ಕುಳಿತರೆ ಆರಾಮ, ಮೆಟ್ಟಿಲು ಹತ್ತಿದರೆ ಏದುಸಿರು. ಸ್ಟೆತಸ್ಕೋಪಿಗೆ ಎದೆ ಸ್ವಚ್ಛವಾಗಿ ಕೇಳಿಸಬಹುದು. ತಣ್ಣಗಿನ ಬೆರಳು, ಉಗುರು ಬಣ್ಣ ಅಂಕವನ್ನು ಕೆಡಿಸುತ್ತವೆ. ಎದೆಯಲ್ಲಿ ಉಸಿರೆಳೆದಾಗ ಚುಚ್ಚುವ ನೋವು ಮತ್ತು ಕಫದಲ್ಲಿ ರಕ್ತ ಆಸ್ಪರ್ಜಿಲಸ್ ಕಡೆ ಕೈತೋರಿಸುತ್ತವೆ, ಏಕೆಂದರೆ ಅದು ರಕ್ತನಾಳ ಕೊರೆದು ಮುಚ್ಚಿಹಾಕುತ್ತದೆ.

ಮೂಗು, ಕಣ್ಣು, ಮುಖ. ಒಂದೇ ಬದಿಯ ಕೆನ್ನೆ ನೋವು ಅಥವಾ ಮರಗಟ್ಟುವಿಕೆ, ಕಣ್ಣಿನ ಸುತ್ತ ಊತ, ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋತು ಬೀಳುವುದು, ಕಾರಣವಿಲ್ಲದೆ ಮೇಲಿನ ಹಲ್ಲು ಅಲ್ಲಾಡುವುದು, ಮೂಗಿನಿಂದ ಕಪ್ಪು ಹಕ್ಕಳೆ, ಅಂಗುಳಿನಲ್ಲಿ ಕಪ್ಪು ಕಲೆ. ಟಾರ್ಚ್ ಹಿಡಿದು ಅಂಗುಳನ್ನು ದಿನವೂ ನೋಡಿ. ಜನ ಇದನ್ನು ಬ್ಲ್ಯಾಕ್ ಫಂಗಸ್ ಎಂದರೂ ಮ್ಯೂಕರ್ ಕಪ್ಪು ಫಂಗಸ್ ಅಲ್ಲ; ರಕ್ತ ಹರಿಯದೆ ಸತ್ತ ನಮ್ಮ ಮಾಂಸವೇ ಆ ಕಪ್ಪು. ಹಾಗಾಗಿ ಕಪ್ಪು ಕಾಣಿಸುವ ಹೊತ್ತಿಗೆ ಕಾಯಿಲೆ ಮುಂದೆ ಹೋಗಿರುತ್ತದೆ. ನೋವು ಮತ್ತು ಮರಗಟ್ಟುವಿಕೆಯ ಹಂತದಲ್ಲೇ ಹೊರಡಬೇಕು, ಗಂಟೆಗಳ ಲೆಕ್ಕದಲ್ಲಿ.

ತಲೆ. ಕ್ರಿಪ್ಟೊಕಾಕಸ್ ಅವಸರ ಮಾಡುವುದಿಲ್ಲ. ಎರಡು ಮೂರು ವಾರ ಕೊರೆಯುವ ತಲೆನೋವು, ಸಣ್ಣ ಜ್ವರ, ವಾಂತಿ, ಮಂಕು, ಸ್ವಭಾವದಲ್ಲಿ ಬದಲಾವಣೆ. ಕುತ್ತಿಗೆ ಸೆಟೆದಿರಬೇಕೆಂದಿಲ್ಲ. ಎಚ್‌ಐವಿ ಇರುವವರಲ್ಲೂ ಕಸಿಯಾದವರಲ್ಲೂ ಹೊಸ ತಲೆನೋವನ್ನು ನೋವಿನ ಮಾತ್ರೆಯಲ್ಲಿ ವಾರ ದೂಡುವುದು ದೊಡ್ಡ ತಪ್ಪು.

ಬಾಯಿ ಮತ್ತು ಗಂಟಲು. ಕೆರೆದರೆ ಬರುವ ಬಿಳಿ ಪದರ ಬಾಯಿಯ ಕ್ಯಾಂಡಿಡಾ. ಅದರ ಜೊತೆ ನುಂಗುವಾಗ ಎದೆಯ ನಡುವೆ ನೋವಿದ್ದರೆ ಅನ್ನನಾಳಕ್ಕೂ ಇಳಿದಿದೆ. ಆಗ ಬಾಯಿಗೆ ಹಚ್ಚುವ ಔಷಧ ಸಾಲದು, ಫ್ಲುಕೊನಜೋಲ್ ಎರಡರಿಂದ ಮೂರು ವಾರ ಬೇಕಾಗುತ್ತದೆ.

ಚರ್ಮ, ಉಗುರು, ಕ್ಯಾತಿಟರ್ ಜಾಗ. ನೋವಿರುವ ಕೆಂಪು ಗಂಟು, ಅದರ ನಡುವೆ ಕಪ್ಪು ಚುಕ್ಕೆ ಕಂಡರೆ ಫ್ಯುಸೇರಿಯಂ ಅಥವಾ ಇನ್ನೊಂದು ಬೂಷ್ಟು ರಕ್ತ ಸೇರಿರಬಹುದು. ಕಾಲ್ಬೆರಳ ಉಗುರಿನ ಹಳೆಯ ಸೋಂಕೇ ಫ್ಯುಸೇರಿಯಂಗೆ ದಾರಿಯಾಗುವುದುಂಟು. ಕಿಮೊ ಶುರುವಾಗುವ ಮೊದಲೇ ಕಾಲಿನ ಉಗುರನ್ನು ತೋರಿಸಿಬಿಡಿ.

ಹಂತ 5: ಆಸ್ಪತ್ರೆಯಲ್ಲಿ ಸರಿಯಾದ ಮಾದರಿ, ಸರಿಯಾದ ಡಬ್ಬಿ

ಮೊದಲ ಗಂಟೆಯಲ್ಲಿ ಆಂಟಿಬಯೋಟಿಕ್ ಶುರುವಾಗಲೇಬೇಕು; ನ್ಯೂಟ್ರೋಫಿಲ್ ಇಲ್ಲದ ಜ್ವರದಲ್ಲಿ ಮೊದಲು ಕೊಲ್ಲುವುದು ಬ್ಯಾಕ್ಟೀರಿಯಾ. ಅದಕ್ಕೂ ಮುನ್ನ ಕಲ್ಚರ್‌ಗೆ (ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ) ರಕ್ತ ತೆಗೆಯಬೇಕು: ವಯಸ್ಕರಲ್ಲಿ ಕನಿಷ್ಠ ಎರಡು ಜೊತೆ ಬಾಟಲಿ, ಪ್ರತಿ ಬಾಟಲಿಗೆ ಸುಮಾರು 10 ಮಿ.ಲೀ. ಕ್ಯಾತಿಟರ್ ಇದ್ದರೆ ಒಂದು ಜೊತೆ ಅದರಿಂದ, ಇನ್ನೊಂದು ಕೈಯ ನಾಳದಿಂದ, ಒಂದೇ ಹೊತ್ತಿಗೆ. ಎರಡು ಮಿ.ಲೀ. ಹಾಕಿ ಕಳಿಸಿದರೆ ಇರುವ ಕ್ಯಾಂಡಿಡಾ ಕೂಡ ಸಿಗುವುದಿಲ್ಲ. ಸರಿಯಾಗಿ ತೆಗೆದರೂ ಒಳಗೆ ಹರಡಿದ ಕ್ಯಾಂಡಿಡಾ ಸುಮಾರು ಅರ್ಧದಷ್ಟು ರೋಗಿಗಳಲ್ಲಷ್ಟೇ ಬೆಳೆಯುತ್ತದೆ. ಇನ್ನು ಆಸ್ಪರ್ಜಿಲಸ್ ರಕ್ತದ ಕಲ್ಚರ್‌ನಲ್ಲಿ ಬೆಳೆಯುವುದೇ ಇಲ್ಲ ಎನ್ನಬಹುದು. ನ್ಯುಮೊಸಿಸ್ಟಿಸ್ ಲ್ಯಾಬಿನ ಯಾವ ಕಲ್ಚರ್‌ನಲ್ಲೂ ಬೆಳೆಯದು. "ಕಲ್ಚರ್ ನೆಗೆಟಿವ್, ಸೋಂಕಿಲ್ಲ" ಎಂಬ ತರ್ಕ ಇಲ್ಲಿ ನಿಲ್ಲುವುದಿಲ್ಲ.

ಆಂಟಿಬಯೋಟಿಕ್ ನಾಲ್ಕು ದಿನ ಕೊಟ್ಟರೂ ಜ್ವರ ಇಳಿಯದಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: "ಎದೆಯ ಸಿಟಿ ಸ್ಕ್ಯಾನ್ ಯಾವಾಗ?" ಆರಂಭದಲ್ಲಿ ಎಕ್ಸ್-ರೇ ಎಷ್ಟೋ ಸಲ ಶುಭ್ರವಾಗಿರುತ್ತದೆ. ಸಿಟಿಯಲ್ಲಿ ಗಂಟು, ಅದರ ಸುತ್ತ ಮಬ್ಬು ಪ್ರಭಾವಳಿ ಕಂಡರೆ ಆಸ್ಪರ್ಜಿಲಸ್ ಶಂಕೆ ಬಲವಾಗುತ್ತದೆ; ಆ ಪ್ರಭಾವಳಿ ಒಂದು ವಾರದೊಳಗೆ ಮಾಯವಾಗಬಹುದು, ತಡವಾಗಿ ತೆಗೆದರೆ ಕಾಣದು.

ರಕ್ತದ ಎರಡು ಪರೀಕ್ಷೆಗಳಿವೆ, ಎರಡಕ್ಕೂ ಮಿತಿಯಿದೆ. ಗ್ಯಾಲಕ್ಟೊಮ್ಯಾನನ್ ಆಸ್ಪರ್ಜಿಲಸ್‌ನ ಗೋಡೆಯ ಅಂಶವನ್ನು ಹುಡುಕುತ್ತದೆ. ನ್ಯೂಟ್ರೋಫಿಲ್ ಕುಸಿದವರಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಟೀರಾಯ್ಡ್ ರೋಗಿಯಲ್ಲಿ, ಬೂಷ್ಟಿನ ಮಾತ್ರೆ ಆಗಲೇ ನುಂಗುತ್ತಿರುವವರಲ್ಲಿ ತಪ್ಪಿಸಿಕೊಳ್ಳುತ್ತದೆ. ಅಂಥವರಿಗೆ ಬ್ರಾಂಕೊಸ್ಕೋಪಿಯಲ್ಲಿ ಶ್ವಾಸಕೋಶ ತೊಳೆದು ತೆಗೆದ ದ್ರವದಲ್ಲಿ ಇದೇ ಪರೀಕ್ಷೆ ಮಾಡಿಸುವುದು ಉತ್ತಮ. ಬೀಟಾ-ಡಿ-ಗ್ಲೂಕನ್ ಕ್ಯಾಂಡಿಡಾ, ಆಸ್ಪರ್ಜಿಲಸ್, ನ್ಯುಮೊಸಿಸ್ಟಿಸ್ ಮೂರರಲ್ಲೂ ಏರುತ್ತದೆ, ಯಾವುದೆಂದು ಹೇಳುವುದಿಲ್ಲ. ಇಮ್ಯುನೊಗ್ಲಾಬ್ಯುಲಿನ್, ಆಲ್ಬುಮಿನ್, ಕೆಲವು ಡಯಾಲಿಸಿಸ್ ಪೊರೆಗಳಿಂದಲೂ ಸುಳ್ಳೇ ಏರುತ್ತದೆ. ಎರಡೂ ಪರೀಕ್ಷೆಗಳು ಮ್ಯೂಕರ್‌ಗೆ ಕುರುಡು.

ಮ್ಯೂಕರ್ ಶಂಕೆಯಿದ್ದರೆ ಅಂಗಾಂಶವೇ ಬೇಕು. ಮೂಗಿನ ಎಂಡೊಸ್ಕೋಪಿ ಮಾಡಿ ತೆಗೆದ ತುಣುಕನ್ನು ಎರಡು ಭಾಗ ಮಾಡಬೇಕು: ಒಂದು ಫಾರ್ಮಲಿನ್‌ನಲ್ಲಿ ಬಯಾಪ್ಸಿಗೆ, ಇನ್ನೊಂದು ಬರಿಯ ಸಲೈನ್‌ನಲ್ಲಿ ಸೂಕ್ಷ್ಮಜೀವಿ ಲ್ಯಾಬಿಗೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ಫಂಗಸ್ ಸತ್ತು ಕಲ್ಚರ್ ಬರುವುದಿಲ್ಲ. ಲ್ಯಾಬಿನಲ್ಲಿ ತುಣುಕನ್ನು ಅರೆಯಬಾರದು, ಹೆಚ್ಚಬೇಕು. ಮ್ಯೂಕರ್‌ನ ಅಗಲವಾದ, ಅಡ್ಡಗೋಡೆಗಳು ಬಹುತೇಕ ಇಲ್ಲದ ಎಳೆಗಳು ಅರೆದರೆ ಒಡೆದುಹೋಗುತ್ತವೆ. ಚೀಟಿಯಲ್ಲಿ "ಮ್ಯೂಕರ್ ಶಂಕೆ" ಎಂಬ ಎರಡು ಪದ ಬರೆಯಲು ವೈದ್ಯರಿಗೆ ನೆನಪಿಸಿ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂದೇ ಉತ್ತರ ಸಿಗಬಹುದು.

ಕ್ರಿಪ್ಟೊಕಾಕಸ್‌ಗೆ ಬೆನ್ನಿನಿಂದ ನೀರು ತೆಗೆಯುವುದನ್ನು ಕೇಳಿ ಹೆದರುವವರು ಬಹಳ. ಇಲ್ಲಿ ಅದು ಪರೀಕ್ಷೆಯೂ ಹೌದು, ಚಿಕಿತ್ಸೆಯೂ ಹೌದು. ಫಂಗಸ್ ದ್ರವದ ಹರಿವನ್ನು ಕಟ್ಟಿಹಾಕಿ ತಲೆಯೊಳಗಿನ ಒತ್ತಡ ಏರಿಸುತ್ತದೆ. ಸೂಜಿ ಹಾಕಿದಾಗ ಒತ್ತಡ ಅಳೆಯಲೇಬೇಕು. 25 ಸೆಂ.ಮೀ. ನೀರಿನ ಮಟ್ಟ ದಾಟಿದ್ದರೆ 20ರ ಕೆಳಗೆ ಬರುವವರೆಗೆ, ತುಂಬಾ ಹೆಚ್ಚಿದ್ದರೆ ಅರ್ಧಕ್ಕೆ ಇಳಿಯುವವರೆಗೆ ದ್ರವ ತೆಗೆಯುತ್ತಾರೆ. ಬೇಕಿದ್ದರೆ ದಿನವೂ. ಇದನ್ನು ಬೇಡವೆಂದು ನಿರಾಕರಿಸಿದವರು ಕಣ್ಣು, ಕಿವಿ, ಪ್ರಾಣ ಕಳೆದುಕೊಳ್ಳಬಹುದು.

ಕೆಲವು ವರದಿಗಳಿಗೆ ಬೆದರಬೇಕಾಗಿಲ್ಲ. ಕಫದಲ್ಲಿ ಕ್ಯಾಂಡಿಡಾ ಬಂದರೆ ಬಹುಪಾಲು ಅದು ಬಾಯಿಯದ್ದು. ಮೂತ್ರದಲ್ಲಿ ಬಂದು, ರೋಗಿ ಆರಾಮವಾಗಿದ್ದು ನ್ಯೂಟ್ರೋಫಿಲ್ ಕುಸಿದಿಲ್ಲದಿದ್ದರೆ, ಮೂತ್ರದ ನಳಿಕೆ ತೆಗೆದರೆ ಅಥವಾ ಬದಲಿಸಿದರೆ ಎಷ್ಟೋ ಸಲ ತಾನೇ ಹೋಗುತ್ತದೆ. ರಕ್ತದಲ್ಲಿ ಬಂದರೆ ಮಾತ್ರ, ಒಂದೇ ಬಾಟಲಿಯಲ್ಲಿ ಬಂದರೂ, ಅದನ್ನು ಕಲಬೆರಕೆ ಎಂದು ತಳ್ಳಿಹಾಕುವಂತಿಲ್ಲ.

ಹಂತ 6: ಚಿಕಿತ್ಸೆ ನಡೆಯುವಾಗ ಏನನ್ನು ಗಮನಿಸಬೇಕು

ಆಂಫೊಟೆರಿಸಿನ್ ಬಿ ಎಂಬ, ರಕ್ತನಾಳಕ್ಕೆ ಏರಿಸುವ ಫಂಗಸ್ ಔಷಧ ಎರಡು ರೂಪದಲ್ಲಿ ಬರುತ್ತದೆ, ಎರಡರ ಪ್ರಮಾಣ ಅದಲುಬದಲಾದರೆ ಪ್ರಾಣಕ್ಕೇ ಸಂಚಕಾರ. ಹಳೆಯದು ಡಿಆಕ್ಸಿಕೋಲೇಟ್: ದಿನಕ್ಕೆ ದೇಹತೂಕದ ಕಿಲೋಗೆ 0.7ರಿಂದ 1 ಮಿ.ಗ್ರಾಂ., ಯಾವ ಕಾರಣಕ್ಕೂ 1.5 ದಾಟಬಾರದು. ಹೊಸದು ಲೈಪೊಸೋಮಲ್: ಸಾಮಾನ್ಯವಾಗಿ ಕಿಲೋಗೆ 3ರಿಂದ 5, ಮ್ಯೂಕರ್‌ಗೆ 5ರಿಂದ 10. ಬಾಟಲಿ ಮೇಲೆ "ಲೈಪೊಸೋಮಲ್" ಎಂಬ ಪದ ಇದೆಯೇ ಎಂದು ಪ್ರತಿ ಸಲ ಓದಿ. ಎರಡನ್ನೂ 5% ಡೆಕ್ಸ್‌ಟ್ರೋಸ್‌ನಲ್ಲೇ ಬೆರೆಸಬೇಕು. ಸಲೈನ್ ತಾಗಿದರೆ ಔಷಧ ಗಟ್ಟಿಯಾಗಿ ಕೂರುತ್ತದೆ. ಕೊಳವೆ ತೊಳೆಯುವುದೂ ಡೆಕ್ಸ್‌ಟ್ರೋಸ್‌ನಿಂದಲೇ. ಮೂತ್ರಪಿಂಡ ಉಳಿಸಲು ಔಷಧಕ್ಕೆ ಮೊದಲು ಅರ್ಧದಿಂದ ಒಂದು ಲೀಟರ್ ಸಲೈನ್ ಪ್ರತ್ಯೇಕವಾಗಿ ಏರಿಸುತ್ತಾರೆ. ಹೃದಯ ದುರ್ಬಲವಿದ್ದರೆ ವೈದ್ಯರು ಕಡಿಮೆ ಮಾಡುತ್ತಾರೆ. ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿಯುವುದು ಖಚಿತ ಎಂದುಕೊಂಡೇ ದಿನ ಬಿಟ್ಟು ದಿನವಾದರೂ ರಕ್ತ ನೋಡಬೇಕು. ಕಾಲು ಸೆಳೆತ, ಸುಸ್ತು, ಎದೆಬಡಿತ ತಪ್ಪಿದರೆ ಮುಂದಿನ ಪರೀಕ್ಷೆಗೆ ಕಾಯದೆ ಹೇಳಿ. ಲೈಪೊಸೋಮಲ್ ಏರಿಸಿದ ಮೊದಲ ಐದು ನಿಮಿಷದಲ್ಲಿ ಬೆನ್ನುನೋವು, ಎದೆ ಹಿಡಿದಂತಾಗುವುದು ಕೆಲವರಲ್ಲಿ ಆಗುತ್ತದೆ. ತಕ್ಷಣ ನರ್ಸ್‌ಗೆ ತಿಳಿಸಿದರೆ ಏರಿಸುವುದನ್ನು ನಿಲ್ಲಿಸಿ, ಅಲರ್ಜಿ ಔಷಧ ಕೊಟ್ಟು, ಮತ್ತೆ ನಿಧಾನವಾಗಿ ಏರಿಸುತ್ತಾರೆ.

ಮ್ಯೂಕರ್‌ಗೆ ಔಷಧವೊಂದೇ ಸಾಲದು. ರಕ್ತ ಹರಿಯದ ಸತ್ತ ಭಾಗಕ್ಕೆ ಯಾವ ಔಷಧವೂ ತಲುಪುವುದಿಲ್ಲ, ಅದನ್ನು ಕತ್ತರಿಸಿ ತೆಗೆಯಬೇಕು. ಒಂದಕ್ಕಿಂತ ಹೆಚ್ಚು ಸಲ ಬೇಕಾಗಬಹುದು. ಜೊತೆಗೆ ಸಕ್ಕರೆ ಹತೋಟಿ, ಆಮ್ಲ ಸರಿಪಡಿಸುವುದು, ಸಾಧ್ಯವಾದಷ್ಟು ಸ್ಟೀರಾಯ್ಡ್ ಇಳಿಸುವುದು. ಇಳಿಸುವ ಕೆಲಸ ಬರೆದ ವೈದ್ಯರದು, ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಇನ್ನೊಂದು ಆಪತ್ತು. ಆಂಫೊಟೆರಿಸಿನ್ ಶುರುಮಾಡಲು ಆರು ದಿನ ಅಥವಾ ಹೆಚ್ಚು ತಡವಾದವರಲ್ಲಿ ಸಾವು ಸುಮಾರು ಇಮ್ಮಡಿಯಾದದ್ದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಂಡಿತು. ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಮ್ಯೂಕರ್ ಮೇಲೆ ಕೆಲಸ ಮಾಡದು. ವೊರಿಕೊನಜೋಲ್ ನುಂಗುತ್ತಿರುವಾಗಲೇ ಹೊಸದಾಗಿ ಹದಗೆಟ್ಟರೆ ಮ್ಯೂಕರ್ ನೆನಪಾಗಬೇಕು.

ಆಸ್ಪರ್ಜಿಲಸ್‌ಗೆ ವೊರಿಕೊನಜೋಲ್: ಮೊದಲ ದಿನ ಕಿಲೋಗೆ 6 ಮಿ.ಗ್ರಾಂ.ನಂತೆ 12 ಗಂಟೆಗೊಮ್ಮೆ ಎರಡು ಸಲ, ನಂತರ 4 ಮಿ.ಗ್ರಾಂ.ನಂತೆ. ಮಾತ್ರೆಯಾದರೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಆದ ಒಂದು ಗಂಟೆಗೆ. ಒಂದೇ ಪ್ರಮಾಣ ಒಬ್ಬರಲ್ಲಿ ಸಾಲದೆ, ಇನ್ನೊಬ್ಬರಲ್ಲಿ ವಿಷವಾಗುವ ಔಷಧ ಇದು. ಯಕೃತ್ತು ಅದನ್ನು ಕರಗಿಸುವ ವೇಗ ಹುಟ್ಟಿನಿಂದಲೇ ಬೇರೆ ಬೇರೆ. ಆದ್ದರಿಂದ ಐದಾರನೆಯ ದಿನ ರಕ್ತದಲ್ಲಿನ ಮಟ್ಟ ನೋಡಿಸಿ. ಮುಂದಿನ ಡೋಸ್‌ಗೆ ತುಸು ಮೊದಲು ತೆಗೆದ ರಕ್ತದಲ್ಲಿ ಮಿ.ಲೀ.ಗೆ 1ರಿಂದ 5.5 ಮೈಕ್ರೊಗ್ರಾಂ ಇರಬೇಕು. ಡೋಸ್ ನುಂಗಿದ ಒಂದು ಗಂಟೆಗೆ ತೆಗೆದ ರಕ್ತದ ಅಂಕಕ್ಕೆ ಅರ್ಥವಿಲ್ಲ. ಬಣ್ಣಗಳು ಮಿನುಗುವುದು ಸಾಮಾನ್ಯ, ಅರ್ಧ ಗಂಟೆಯಲ್ಲಿ ಹೋಗುತ್ತದೆ. ಇಲ್ಲದವರು ಕಾಣಿಸುವುದು, ದನಿ ಕೇಳಿಸುವುದು ಮಟ್ಟ ಹೆಚ್ಚಾದದ್ದರ ಗುರುತು. ಬಿಸಿಲು ತಾಗಿದರೆ ಚರ್ಮ ಸುಡುತ್ತದೆ, ತಿಂಗಳುಗಟ್ಟಲೆ ನುಂಗುವವರಲ್ಲಿ ಚರ್ಮದ ಕ್ಯಾನ್ಸರ್ ಅಪಾಯವೂ ಇದೆ. ಮೈಮುಚ್ಚುವ ಬಟ್ಟೆ ಕಡ್ಡಾಯ.

ಒಂದು ವಾರಕ್ಕೆ ಸಿಟಿ ತೆಗೆಸಿ, ಗಂಟು ದೊಡ್ಡದಾಗಿದೆ, ಔಷಧ ಫಲಿಸಿಲ್ಲ ಎಂದು ಎದೆಗುಂದುವುದು ಸಾಮಾನ್ಯ. ಮೊದಲ ಏಳರಿಂದ ಹತ್ತು ದಿನ ಔಷಧ ಫಲಿಸುತ್ತಿರುವಾಗಲೂ ಗಂಟು ಹಿಗ್ಗುತ್ತದೆ, ನ್ಯೂಟ್ರೋಫಿಲ್ ಮರಳುವಾಗ ಇನ್ನಷ್ಟು. ಆದರೆ ಎಣಿಕೆ ಏರುವ ಅದೇ ದಿನಗಳಲ್ಲಿ ಕಫದಲ್ಲಿ ರಕ್ತ ಬಂದರೆ ಹಗುರವಾಗಿ ಕಾಣಬೇಡಿ. ಸತ್ತ ಭಾಗ ಕಳಚಿ ದೊಡ್ಡ ರಕ್ತನಾಳ ಬಿಚ್ಚಿಕೊಳ್ಳಬಹುದು.

ರಕ್ತದ ಕ್ಯಾಂಡಿಡಾಕ್ಕೆ ಕ್ಯಾಸ್ಪೊಫಂಗಿನ್ ಜಾತಿಯ ಚುಚ್ಚುಮದ್ದು, ಸಾಧ್ಯವಾದರೆ ಕ್ಯಾತಿಟರ್ ತೆಗೆಯುವುದು, ನೆಗೆಟಿವ್ ಬರುವ ತನಕ ದಿನವೂ ಅಥವಾ ದಿನ ಬಿಟ್ಟು ದಿನ ಕಲ್ಚರ್, ಕಣ್ಣಿನ ವೈದ್ಯರಿಂದ ಒಳಪರದೆಯ ಪರೀಕ್ಷೆ. 14 ದಿನ ಎಣಿಸಬೇಕಾದದ್ದು ಮೊದಲ ನೆಗೆಟಿವ್ ಕಲ್ಚರ್‌ನಿಂದ, ಔಷಧ ಶುರುವಾದ ದಿನದಿಂದಲ್ಲ. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಿಂದ ಮೊದಲು ವಿವರಿಸಲಾದ ಕ್ಯಾಂಡಿಡಾ ಔರಿಸ್ ಹಲವು ಔಷಧಗಳಿಗೆ ಬಗ್ಗುವುದಿಲ್ಲ; ಚರ್ಮದ ಮೇಲೆ, ಮಂಚದ ಕಂಬಿಯ ಮೇಲೆ ವಾರಗಟ್ಟಲೆ ಬದುಕಿ ಪಕ್ಕದ ರೋಗಿಗೆ ಹರಡುತ್ತದೆ. ಪ್ರತ್ಯೇಕ ಕೋಣೆಗೆ ಹಾಕಿದರೆ ಅವಮಾನವೆಂದುಕೊಳ್ಳಬೇಡಿ.

ಕ್ರಿಪ್ಟೊಕಾಕಸ್‌ಗೆ ಎಚ್‌ಐವಿ ಇರುವವರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಸೂಚಿಸಿರುವುದು: ಲೈಪೊಸೋಮಲ್ ಆಂಫೊಟೆರಿಸಿನ್ ಕಿಲೋಗೆ 10 ಮಿ.ಗ್ರಾಂ. ಒಂದೇ ಸಲ, ಜೊತೆಗೆ 14 ದಿನ ಫ್ಲುಸೈಟೊಸಿನ್ ಕಿಲೋಗೆ 100 ಮಿ.ಗ್ರಾಂ. ಮತ್ತು ಫ್ಲುಕೊನಜೋಲ್ 1,200 ಮಿ.ಗ್ರಾಂ.; ನಂತರ ಎಂಟು ವಾರ 800, ಆಮೇಲೆ ದೀರ್ಘಕಾಲ 200. ಎಚ್‌ಐವಿ ಔಷಧವನ್ನು ನಾಲ್ಕರಿಂದ ಆರು ವಾರ ತಡೆದು ಶುರುಮಾಡುತ್ತಾರೆ. ಬೇಗ ಕೊಟ್ಟರೆ ಎಚ್ಚೆತ್ತ ರೋಗನಿರೋಧಕ ಶಕ್ತಿಯೇ ಮೆದುಳಿನಲ್ಲಿ ಊತ ಎಬ್ಬಿಸುತ್ತದೆ. ತಲೆಯೊತ್ತಡ ಇಳಿಸಲೆಂದು ಡೆಕ್ಸಾಮೆಥಸೋನ್ ಕೊಡುವುದು ಇವರಲ್ಲಿ ಹಾನಿ ಮಾಡುತ್ತದೆ.

ನ್ಯುಮೊಸಿಸ್ಟಿಸ್‌ಗೆ ಅದೇ ಕೋ-ಟ್ರೈಮೊಕ್ಸಜೋಲ್, ಹೆಚ್ಚು ಪ್ರಮಾಣದಲ್ಲಿ, 21 ದಿನ. ಮೂರನೆಯ ದಿನದ ಸುಮಾರಿಗೆ ಉಸಿರು ಇನ್ನಷ್ಟು ಹದಗೆಡುವುದುಂಟು. ಆಕ್ಸಿಜನ್ ಕಡಿಮೆ ಇರುವವರಿಗೆ, ಮುಖ್ಯವಾಗಿ ಎಚ್‌ಐವಿ ಇದ್ದರೆ, ಮೊದಲ ದಿನದಿಂದಲೇ ಸ್ಟೀರಾಯ್ಡ್ ಸೇರಿಸುವುದು ಅದಕ್ಕೇ.

ಹಂತ 7: ಔಷಧಗಳ ಜಗಳ

ವೊರಿಕೊನಜೋಲ್, ಪೊಸಕೊನಜೋಲ್, ಇಟ್ರಾಕೊನಜೋಲ್ ಯಕೃತ್ತಿನಲ್ಲಿ ಬೇರೆ ಔಷಧ ಕರಗುವ ದಾರಿಯನ್ನೇ ಮುಚ್ಚುತ್ತವೆ. ವೊರಿಕೊನಜೋಲ್ ಶುರುಮಾಡಿದ ದಿನವೇ ಟ್ಯಾಕ್ರೊಲಿಮಸ್ ಮೂರನೇ ಒಂದು ಭಾಗಕ್ಕೆ, ಸೈಕ್ಲೋಸ್ಪೊರಿನ್ ಅರ್ಧಕ್ಕೆ ಇಳಿಯಬೇಕು, ಇಲ್ಲವೇ ಕಸಿಯಾದ ಮೂತ್ರಪಿಂಡ ವಿಷಕ್ಕೆ ಬಲಿ. ಉಲ್ಟಾ ತಪ್ಪು ಇನ್ನೂ ಮೋಸದ್ದು: ತಿಂಗಳುಗಳ ನಂತರ ವೊರಿಕೊನಜೋಲ್ ನಿಲ್ಲಿಸುತ್ತಾರೆ, ಟ್ಯಾಕ್ರೊಲಿಮಸ್ ಮತ್ತೆ ಏರಿಸುವುದು ಮರೆತುಹೋಗುತ್ತದೆ, ದೇಹ ಕಸಿಯನ್ನು ತಿರಸ್ಕರಿಸುತ್ತದೆ. ವಿನ್‌ಕ್ರಿಸ್ಟಿನ್ ಕಿಮೊ ಜೊತೆ ಸೇರಿದರೆ ನರ ಮತ್ತು ಕರುಳು ಸ್ತಬ್ಧವಾಗುತ್ತವೆ. ಕೊಲೆಸ್ಟರಾಲ್ ಇಳಿಸುವ ಸಿಮ್ವಾಸ್ಟಾಟಿನ್ ಜೊತೆ ಸ್ನಾಯು ಕರಗುತ್ತದೆ. ಇತ್ತ ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆಗೆ ಕೊಡುವ ಕಾರ್ಬಮಜೆಪಿನ್ ವೊರಿಕೊನಜೋಲನ್ನೇ ರಕ್ತದಿಂದ ಅಳಿಸಿಹಾಕುತ್ತವೆ.

ಇಟ್ರಾಕೊನಜೋಲ್ ಕ್ಯಾಪ್ಸೂಲ್‌ಗೆ ಹೊಟ್ಟೆಯ ಆಮ್ಲ ಬೇಕು, ಊಟದ ಜೊತೆ ನುಂಗಬೇಕು. ಅದರ ದ್ರಾವಣವನ್ನು ಖಾಲಿ ಹೊಟ್ಟೆಯಲ್ಲಿ. ಗ್ಯಾಸ್ಟ್ರಿಕ್ ಮಾತ್ರೆಯನ್ನು ಯಾರೂ ಔಷಧವೆಂದೇ ಲೆಕ್ಕ ಹಾಕುವುದಿಲ್ಲ, ಅದು ಕ್ಯಾಪ್ಸೂಲ್‌ನ ಕೆಲಸ ಕೆಡಿಸುತ್ತದೆ. ಪೊಸಕೊನಜೋಲ್ ಮಾತ್ರೆ ಮತ್ತು ದ್ರವ ಒಂದಕ್ಕೊಂದು ಸಮವಲ್ಲ, ಅಂಗಡಿಯಲ್ಲಿ ಒಂದಿಲ್ಲವೆಂದು ಅದೇ ಮಿ.ಗ್ರಾಂ.ನ ಇನ್ನೊಂದು ತರಬೇಡಿ.

ಹಂತ 8: ಯಾವಾಗ ನಿಲ್ಲಿಸುವುದು

ಆಸ್ಪರ್ಜಿಲಸ್‌ಗೆ ಕನಿಷ್ಠ 6ರಿಂದ 12 ವಾರ. ಆದರೆ ದಿನಾಂಕ ಬಂತೆಂದು ನಿಲ್ಲಿಸುವ ಔಷಧ ಇದಲ್ಲ; ಸ್ಕ್ಯಾನ್ ಸುಧಾರಿಸಿರಬೇಕು, ಮುರಿದ ಬೇಲಿಯೂ ಮತ್ತೆ ನಿಂತಿರಬೇಕು. ನ್ಯುಮೊಸಿಸ್ಟಿಸ್ ತಡೆಯ ಮಾತ್ರೆಯನ್ನು ಎಚ್‌ಐವಿ ಇರುವವರು ಸಿಡಿ4 200ರ ಮೇಲೆ ಮೂರು ತಿಂಗಳು ನಿಂತ ಮೇಲೆ ಬಿಡಬಹುದು. ಸ್ಟೀರಾಯ್ಡ್ ರೋಗಿಗಳಲ್ಲಿ ಪ್ರಮಾಣ ಇಳಿದ ಮೇಲೆ ವೈದ್ಯರು ತೀರ್ಮಾನಿಸುತ್ತಾರೆ.

ಒಮ್ಮೆ ಆಸ್ಪರ್ಜಿಲಸ್ ಬಂದು ಹೋದವರಿಗೆ ಮುಂದಿನ ಕಿಮೊ ಅಥವಾ ಕಸಿಯ ಹೊತ್ತಿಗೆ ಅದು ಮರುಕಳಿಸಬಹುದು, ಹಳೆಯ ಗಂಟಿನೊಳಗೆ ಜೀವಂತ ಎಳೆ ಉಳಿದಿರುತ್ತದೆ. ಹಾಗಾಗಿ ಎಣಿಕೆ ಮತ್ತೆ ಕುಸಿಯುವ ಮುನ್ನವೇ ತಡೆಯ ಔಷಧ ಶುರುವಾಗಬೇಕು. ಹೊಸ ಕಿಮೊ ಚೀಟಿ ಕೈಗೆ ಬಂದ ದಿನ, ಸ್ಟೀರಾಯ್ಡ್ ಪ್ರಮಾಣ ಏರಿಸಿದ ದಿನ, ಹಂತ 1ರ ಹಾಳೆಯನ್ನು ಹೊಸದಾಗಿ ಬರೆದು, "ಹಿಂದೆ ಫಂಗಸ್ ಆಗಿತ್ತು" ಎಂಬ ಸಾಲನ್ನು ಎಲ್ಲಕ್ಕಿಂತ ಮೇಲೆ ಹಾಕಿ.